ವಸ್ತಾದರ ಚಿತ್ರದ ಎಡಮೂಲೆ

ಶ್ರೀಪತಿ ನಿಗವೇಕರನನ್ನು ನಾನು ಹನ್ನೆರಡು ವರ್ಷ ನಂಬಲಿಲ್ಲ. ನಂಬದೆ ಇರುವುದಕ್ಕೇ ನನಗೆ ಸಂಬಳ ಬರುತ್ತಿತ್ತು. ಕೊಲ್ಹಾಪುರದ ಖೋತ ಮಾಲಕರ ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ನಾನು ಮೇಲ್ವಿಚಾರಕ. ಹೆಸರಿಗೆ ಅಷ್ಟೇ. ಶ್ರೀಪತಿ ಯಾವುದಾದರೂ ತೈಲಚಿತ್ರದ ಫೋಟೋ ತೆಗೆಯಲು ಹೊರಟಾಗ ಅವನ ಬೆನ್ನ ಹಿಂದೆ ನಿಂತು ಅವನ ಕೈ ಕಾಯುವುದು ನನ್ನ ನಿಜವಾದ ಕೆಲಸ.

ಕಾರಣವಿಲ್ಲದೆ ಅನುಮಾನ ಪಡುವಷ್ಟು ಕೆಟ್ಟವನಲ್ಲ ನಾನು. ಒಂದು ವರ್ಷ ದೀಪಾವಳಿಗೆಂದು ಲಕ್ಷ್ಮಿಯ ತೈಲಚಿತ್ರವೊಂದನ್ನು ಬರೆಸಿದ್ದೆವು. ನಮ್ಮ ಕ್ಯಾಲೆಂಡರ್ ಯಂತ್ರದಿಂದ ಇಳಿಯುವ ಮೊದಲೇ ಅದೇ ಲಕ್ಷ್ಮಿ, ಅದೇ ಸೀರೆ, ಅದೇ ಮೂಗುತಿ, ಬೇರೆ ಯಾವುದೋ ಊರಿನ ಪ್ರೆಸ್ಸಿನ ಹೆಸರು ಹೊತ್ತು ಮಹಾದ್ವಾರ ರಸ್ತೆಯ ಅಂಗಡಿಗಳಲ್ಲಿ ತೂಗಾಡತೊಡಗಿದಳು. ಮೂಲ ಚಿತ್ರ ನಮ್ಮ ಕಪಾಟಿನಲ್ಲೇ ಬೀಗದೊಳಗಿತ್ತು. ಅಂದರೆ ಫಿಲ್ಮಿನ ಒಂದು ಹಾಳೆ ಎಲ್ಲಿಂದಲೋ ಜಾರಿತ್ತು. ಫೋಟೋ ತೆಗೆದವನು ಶ್ರೀಪತಿ. ರುಜುವಾತು ಇರಲಿಲ್ಲ, ಆದರೆ ಮಾಲಕರಿಗೆ ನಿದ್ದೆಯೂ ಇರಲಿಲ್ಲ. ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ರುದ್ರಪ್ಪಾ, ನೀ ಸಂಕೇಶ್ವರದ ಕಾನಡಿ ಮನುಷ್ಯಾ. ಈ ಊರಾಗ ನಿನಗ ಬೀಗರಿಲ್ಲ, ಬಿಜ್ಜರಿಲ್ಲ, ಯಾರ ಮುಲಾಜೂ ಇಲ್ಲ. ಅವನ ಹಾಳಿ ಎಣಿಸು. ಹೋಗೂಮುಂದ ಎಷ್ಟು, ಬರೂಮುಂದ ಎಷ್ಟು. ಕೆಟ್ಟಿದ್ದೂ ಎಣಿಸು."

ಅಂದಿನಿಂದ ಎಣಿಸಿದೆ. ಅವನು ಕ್ಯಾಮೆರಾಕ್ಕೆ ಹಾಳೆ ತುಂಬುವಾಗ ಎಣಿಸಿದೆ, ತನ್ನ ಅಂಗಡಿಯ ಕತ್ತಲಕೋಣೆಯಲ್ಲಿ ತೊಳೆಯುವಾಗ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅನ್ನುತ್ತಾರಲ್ಲ, ಹಾಗೆ ಅವನು ಕೆಮ್ಮಿದರೂ ಅದು ಯಾರಿಗೋ ಸನ್ನೆಯೆಂದೇ ನನಗೆ ಕಾಣುತ್ತಿತ್ತು. ಒಂದು ಸಲವೂ ಲೆಕ್ಕ ತಪ್ಪಲಿಲ್ಲ. ಅದಕ್ಕೂ ನನಗೆ ಅನುಮಾನವೇ: ಇಷ್ಟು ಸರಿಯಾಗಿರುವ ಮನುಷ್ಯ ಏನೋ ಮುಚ್ಚಿಡುತ್ತಿರಬೇಕು.

ನೋಡುವುದಕ್ಕೂ ಅವನು ಕಳ್ಳನ ಹಾಗೇ ಇದ್ದ ಎಂದರೆ ತಪ್ಪಿಲ್ಲ. ಕೆಲಸಕ್ಕೆ ಹೊರಟನೆಂದರೆ ಕರಿ ಅಂಗಿ, ಕರಿ ಪ್ಯಾಂಟು, ಉಂಗುರವಿಲ್ಲ, ಗಡಿಯಾರವಿಲ್ಲ. ದಾರಿಯಲ್ಲಿ ಯಾರಾದರೂ "ಏನ ಕಾಗಿ, ಯಾರ ಪಿಂಡಕ್ಕ ಹೊಂಟೀ?" ಎಂದು ಕೆಣಕುವುದು ನಿತ್ಯದ ಮಾತು. ತೈಲಚಿತ್ರದ ಮೈ ಕನ್ನಡಿಗಿಂತ ಕಡೆ. ಎದುರು ನಿಂತವನ ಬಿಳಿ ಅಂಗಿ, ಉಂಗುರದ ಮಿಂಚು, ಕಿಟಕಿಯ ಬೆಳಕು ಎಲ್ಲವನ್ನೂ ಹಿಡಿದು ಫೋಟೋದಲ್ಲಿ ಬಿಳಿ ಕಲೆಯಾಗಿ ಕಾರುತ್ತದೆ. ಹಾಗೆ ಬಂದ ಫೋಟೋದಿಂದ ಕ್ಯಾಲೆಂಡರ್ ಮಾಡಿದರೆ ದೇವರ ಹಣೆಯ ಮೇಲೆ ಟ್ಯೂಬ್‌ಲೈಟ್ ಕಾಣುತ್ತದೆ. ಶ್ರೀಪತಿ ಕಿಟಕಿಗೆಲ್ಲಾ ಕರಿ ಪರದೆ ಬಡಿದು, ಚಿತ್ರದ ಎರಡು ಪಕ್ಕ ಓರೆಯಾಗಿ ದೀಪ ನಿಲ್ಲಿಸಿ, ದೀಪಗಳ ಮುಂದೆ ಹೊಗೆಬಣ್ಣದ ತೆಳು ಹಾಳೆ ಕಟ್ಟುತ್ತಿದ್ದ. ಅದೇ ಜಾತಿಯ ಗಾಜು ಕ್ಯಾಮೆರಾದ ಕಣ್ಣಿಗೂ. ಆ ಗಾಜಿನ ಬಳೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಕಡೆ ಹೊಳಪೆಲ್ಲ ಸತ್ತು ಬಣ್ಣ ಮಾತ್ರ ಉಳಿಯುತ್ತದೆ. "ಹೊಳಪು ಕೊಲ್ಲೂದು" ಎಂದೇ ಅವನು ಅದಕ್ಕೆ ಹೇಳುತ್ತಿದ್ದ. ಪುಣೆ, ಮುಂಬಯಿಯವರೂ ಅವನ ಫೋಟೋ ನೋಡಿ, ನಿಗವೇಕರನ ಹಾಳೆಯಲ್ಲಿ ಸಾಸಿವೆಯಷ್ಟೂ ಹೊಳಪಿಲ್ಲ ಎನ್ನುತ್ತಿದ್ದರು. ಅವನಿಗಿದ್ದ ಸೊಕ್ಕು ಅದೊಂದೇ.

ಇನ್ನು ಅವನ ಅಪ್ಪನ ಕತೆ. ಊರಿಗೆಲ್ಲಾ ಗೊತ್ತಿದ್ದ ನಗೆಪಾಟಲು ಅದು.

ಅವನ ಅಪ್ಪ ಧೋಂಡಿಬಾ ಗವಂಡಿ ಮಾಸ್ತರರೆಂಬ ದೊಡ್ಡ ಚಿತ್ರಕಾರರ ಹತ್ತಿರ ಬಣ್ಣ ಅರೆಯುವ ಆಳಾಗಿದ್ದ. ಚಿಂಚ ಗಲ್ಲಿಯ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಹಿಂದಿನ ಕುಸ್ತಿಗುರು ಗುಂಡೂ ವಸ್ತಾದರ ಆಳೆತ್ತರದ ಚಿತ್ರವಿತ್ತಲ್ಲ, ಕುಸ್ತಿಯ ಕೆಂಪು ಮಣ್ಣಿನ ಮೇಲೆ ತೊಡೆ ತಟ್ಟಿ ನಿಂತದ್ದು, ಬಲಮೂಲೆಯಲ್ಲಿ ಮಾಸ್ತರರ ಕೆಂಪು ರುಜು ಇದ್ದದ್ದು, ಅದನ್ನು ಬರೆದದ್ದು ತಾನು ಎಂದು ಧೋಂಡಿಬಾ ಸಾಯುವವರೆಗೂ ಹೇಳಿದ. ಮಾಸ್ತರರಿಗೆ ಆಗ ಜ್ವರ, ಕೈ ನಡುಗುತ್ತಿತ್ತು. ಮೋರೆ ಮಾತ್ರ ಅವರದು, ಉಳಿದ ಮೈ, ಮಣ್ಣು, ಗೋಡೆ ಎಲ್ಲಾ ತನ್ನದು. ಗುರುತಿಗೆ ಎಡಮೂಲೆಯ ಕತ್ತಲಲ್ಲಿ ತನ್ನ ಚಪ್ಪಲಿ ಬಿಟ್ಟು ಬಂದಿದ್ದೇನೆ ಎನ್ನುತ್ತಿದ್ದ. ತಾಲೀಮಿನ ಮಣ್ಣಿನ ಹತ್ತಿರ ಚಪ್ಪಲಿಯೇ! ತಾಯಿಯ ಹಾಗೆ ಪೂಜಿಸುವ ಮಣ್ಣದು. ಹೇಳುವುದಾದರೆ ನಂಬುವಂಥದ್ದು ಹೇಳೋ ಎಂದು ಜನ ನಕ್ಕರು. ಚಿತ್ರ ಎತ್ತರದಲ್ಲಿ, ಊದಿನಕಡ್ಡಿಯ ಹೊಗೆ ತಿಂದು ಕರಿಬಿದ್ದು, ಕಿಟಕಿಗೆ ಎದುರಾಗಿ ಹೊಳೆಯುತ್ತ ತೂಗಿತ್ತು. ಮೂಲೆಯಲ್ಲಿ ಏನಿದೆಯೆಂದು ಯಾರಿಗೂ ಕಾಣದು. ಆಮೇಲೆ ಧೋಂಡಿಬಾ ಲಾರಿಗಳ ಮೇಲೆ ಹೆಸರು ಬರೆದು ಹೊಟ್ಟೆ ಹೊರೆದ. ಹೋದಲ್ಲೆಲ್ಲಾ ಒಂದೇ ಕೂಗು: "ಧೋಂಡಿಬಾ, ಚಪ್ಪಲಿ ಸಿಕ್ಕುವೇನೋ?" ಅವನ ಹೆಂಡತಿ ಹೌಸಾಬಾಯಿಯ ಬಾಯಿ ಎಲ್ಲರಿಗಿಂತ ಜೋರು. "ಬಣ್ಣದ ಚಪ್ಪಲಿ ಮೆಟಗೊಂಡು ಕೂಲಿಗೆ ಹೊಂಟ್ರೇನು?" ಎಂದು ಓಣಿಗೆಲ್ಲಾ ಕೇಳುವಂತೆ ಕೇಳುತ್ತಿದ್ದಳಂತೆ.

ಆ ಚಿತ್ರವನ್ನು ಹೊಳಪು ತೆಗೆದು ಒಮ್ಮೆ ನೋಡಬೇಕು, ಅಪ್ಪ ಸುಳ್ಳನೋ ಅಲ್ಲವೋ ತಿಳಿಯಬೇಕು. ಶ್ರೀಪತಿ ಈ ಕಸುಬಿಗೆ ಬಿದ್ದದ್ದೇ ಅದಕ್ಕೆ ಎಂದು ನಾನೀಗ ಹೇಳಬಲ್ಲೆ. ತಾಲೀಮಿನವರು ಮೂರು ಸಲ ಅವನನ್ನು ಬಾಗಿಲಿನಿಂದಲೇ ಓಡಿಸಿದ್ದರು. ನಾಲ್ಕನೆಯ ಸಲ ಅವರೇ ಕರೆಯಬೇಕಾಯಿತು. ತಾಲೀಮಿಗೆ ನೂರು ವರ್ಷ ತುಂಬುತ್ತಿತ್ತು, ಗುಂಡೂ ವಸ್ತಾದರ ಕ್ಯಾಲೆಂಡರ್ ಆಗಬೇಕಿತ್ತು, ಕೆಲಸ ನಮ್ಮ ಪ್ರೆಸ್ಸಿಗೆ ಬಂತು.

ಚಿತ್ರವನ್ನು ಹೊರಗೆ ಕಳಿಸಲು ಅವರು ಸುತಾರಾಂ ಒಪ್ಪಲಿಲ್ಲ. ಚಿಂಚ ಗಲ್ಲಿಯವರಿಗೆ ಪಕ್ಕದ ಗಲ್ಲಿಯ ತಾಲೀಮಿನವರ ಮೇಲೆ ಅನುಮಾನ, ಪ್ರೆಸ್ಸಿನವರ ಮೇಲೆ ಅನುಮಾನ, ಕ್ಯಾಮೆರಾದ ಮೇಲಂತೂ ಇನ್ನೂ ಅನುಮಾನ. ನನ್ನ ಮನಸ್ಸಿಗೆ ಹಿಡಿಸಿದ ಜನ. ಬೆಳಗಿನ ಕಸರತ್ತು ಮುಗಿದ ಮೇಲೆ ಬನ್ನಿ ಎಂದರು, ಹೋದೆವು. ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿದ ಮಣ್ಣಿನ ವಾಸನೆ ತುಂಬಿತ್ತು. ಚಿತ್ರ ಕೆಳಗಿಳಿದು ಗೋಡೆಗೆ ಒರಗಿ ನಿಂತಿತ್ತು. ಶ್ರೀಪತಿ ಅದನ್ನು ನೋಡಿದವನೇ ತಲೆಯ ಮೇಲೆ ಕೈಹೊತ್ತು ಕಲ್ಲಿನ ಮೇಲೆ ಕೂತುಬಿಟ್ಟ. ಚಿತ್ರ ಅಖಾಡಕ್ಕಿಳಿಯುವ ಪೈಲವಾನನ ಬೆನ್ನಿನ ಹಾಗೆ ಮಿರಮಿರ ಮಿಂಚುತ್ತಿತ್ತು.

ತಾಲೀಮಿನ ಈಗಿನ ಗುರು ಜೋತಿರಾಮ ವಸ್ತಾದ ಮೀಸೆ ತೀಡಿದರು. "ಕೊಬ್ಬರೆಣ್ಣಿ. ಎರಡು ಬಾಟ್ಲಿ. ನಿನ್ನಿ ನಾಕು ಮಂದಿ ಕುಂತು ತಿಕ್ಯಾರ. ಫೋಟೋ ತೆಗೀತಾರಂದ್ರ ವಸ್ತಾದರು ಚಂದ ಕಾಣಬ್ಯಾಡೇನು?"

"ದಾದಾ, ನಾ ಹೊಳಪು ಕೊಲ್ಲಾಕ ಬಂದೀನಿ. ನೀವು ಅದಕ್ಕ ಹಾಲು ತುಪ್ಪಾ ತಿನಿಸಿ ಪೈಲವಾನ ಮಾಡೀರಿ."

"ಒರಸೂಣೇನು?"

"ಬ್ಯಾಡ, ಬ್ಯಾಡ. ತಿಕ್ಕಿದ್ದು ಸಾಕು. ಇನ್ನ ಮುಟ್ಟಬ್ಯಾಡ್ರಿ."

ಅವನು ಪರದೆ ಬಡಿಯಲು ಶುರುಮಾಡಿದಾಗ ಗೊಣಗಾಟವೂ ಶುರುವಾಯಿತು. ಕತ್ತಲು ಯಾಕೆ? ಕತ್ತಲಲ್ಲಿ ಚಿತ್ರ ಬದಲಿಸಿದರೆ ಯಾರಿಗೆ ಗೊತ್ತಾಗುತ್ತದೆ? ಕೊನೆಗೆ ಜೋತಿರಾಮರು ಚೌಕಟ್ಟಿನ ನಾಲ್ಕು ಮೂಲೆಗೆ ನಾಲ್ಕು ಪೈಲವಾನರನ್ನು ನಿಲ್ಲಿಸಿ, ಕೈ ತೆಗೆಯಬೇಡಿರೆಂದು ಅಪ್ಪಣೆ ಮಾಡಿದರು. ಎಣ್ಣೆ ಮೈಯ ಅವರ ಹೊಳಪು ಚಿತ್ರದಲ್ಲಿ ಬೀಳುತ್ತಿತ್ತು. ಶ್ರೀಪತಿ ಕೈಮುಗಿದು, ಗದರಿ, ಕೊನೆಗೆ ನಾಲ್ವರಿಗೂ ಕರಿ ಕಂಬಳಿ ಹೊದಿಸಿ ನಿಲ್ಲಿಸಿದ. ಚಿತ್ರದ ನಡುವೆ ಪುಟ್ಟ ಕನ್ನಡಿಯಿಟ್ಟು, ಅದರಲ್ಲಿ ಕ್ಯಾಮೆರಾದ ಕಣ್ಣು ನಡುಮಧ್ಯೆ ಕಾಣುವಂತೆ ನೆಟ್ಟಗೆ ನಿಲ್ಲಿಸಿಕೊಂಡ. "ಕನ್ನಡಿ ಯಾಕ? ಮಾಟಾ ಮಾಡ್ತೀ ಏನು?" ಎಂದು ಒಂದು ಕಂಬಳಿ ಕೇಳಿತು. ನನಗೆ ಆ ಚಿಂತೆ ಇರಲಿಲ್ಲ. ನಾಲ್ಕು ಹಾಳೆ ತುಂಬಿದ್ದನ್ನು ಎಣಿಸಿಕೊಂಡಿದ್ದೆ, ಅಷ್ಟು ಸಾಕಿತ್ತು.

ದೀಪ ಹತ್ತಿಸಿ ಅವನು ಕ್ಯಾಮೆರಾದ ಹಿಂದಿನ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಬಲಗೈ ಮುಂದೆ ಚಾಚಿ ಗಾಜಿನ ಬಳೆ ತಿರುಗಿಸುತ್ತಿತ್ತು. ತಿರುಗುತ್ತ ತಿರುಗುತ್ತ ಒಂದು ಕಡೆ ನಿಂತಿತು. ನಿಂತೇ ಬಿಟ್ಟಿತು. ಎಡಗೈ ಕ್ಯಾಮೆರಾದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವನು ಹೊರಗೆ ಬರಲಿಲ್ಲ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಹನ್ನೆರಡು ವರ್ಷದಲ್ಲಿ ಆ ಕೈ ಹಾಗೆ ಕೆಲಸ ನಿಲ್ಲಿಸಿದ್ದನ್ನು ಮೊದಲ ಸಲ ನೋಡಿದೆ. ಏನೋ ಸಂಚು ಹೂಡುತ್ತಿದ್ದಾನೆ ಎಂದು ನನ್ನ ಕಿವಿ ನೆಟ್ಟಗಾಯಿತು.

ಅನುಮಾನ ನನಗೊಬ್ಬನಿಗೇ ಬರಲಿಲ್ಲ. "ಇಷ್ಟೊತ್ತು ಒಳಗೇನ ನೋಡಾಕತ್ತೀ? ಸರಿ ಅತ್ತಾಗ," ಎಂದು ಜೋತಿರಾಮರು ಅವನನ್ನು ತಳ್ಳಿ ತಾವೇ ಬಟ್ಟೆಯೊಳಗೆ ಹೊಕ್ಕರು. ಮರುಕ್ಷಣ ಬೊಬ್ಬೆ.

"ಅಯ್ಯ ಇವನ ವಂಶಾ ಹಾಳಾಗ! ವಸ್ತಾದರನ್ನ ತಲಿಕೆಳಗ ಮಾಡ್ಯಾನ! ಹುಟ್ಟಿದಾರಭ್ಯ ಯಾರೂ ಚಿತ್ ಮಾಡದ ಮನುಷ್ಯಾನ್ನ ಈ ಕಾಗಿ ಚಿತ್ ಮಾಡ್ಯಾನಲ್ಲೋ!"

ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಇಣುಕಿದರು, ಎಲ್ಲರೂ ಕೆಂಡವಾದರು. ಕಂಬಳಿಗಳು ಮೂಲೆ ಬಿಟ್ಟು ಮುಂದೆ ಬಂದವು. ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗೇ ಕಾಣುತ್ತದೆ, ಕಾಗದದ ಮೇಲೆ ನೆಟ್ಟಗಾಗುತ್ತದೆ ಎಂದರೆ ಕೇಳುವವರು ಯಾರು? ಶ್ರೀಪತಿ ಗೋಡೆಗೆ ಅಂಟಿ ನಿಂತಿದ್ದ. ಕೊನೆಗೆ ನಾನು ನಡುವೆ ಬಂದೆ. "ವಸ್ತಾದ, ಇವನ ಮ್ಯಾಲ ನನಗೂ ನಂಬಿಗಿ ಇಲ್ಲ. ಆದ್ರ ಇದು ಖರೇ ಐತಿ. ಪ್ರೆಸ್ಸಿನ ಪರವಾಗಿ ನಾ ಗ್ಯಾರಂಟಿ."

"ನೆಟ್ಟಗ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನನ್ನ ಚಿತ್ ಮಾಡ್ರಿ."

ನನ್ನ ಹೊಟ್ಟೆ ನೋಡಿ ಅವರಿಗೆ ನಗು ಬಂತು, ಗಲಾಟೆ ಇಳಿಯಿತು. ಅಷ್ಟು ಮಂದಿ ಆ ಗಾಜಿನೊಳಗೆ ನೋಡಿದರು. ವಸ್ತಾದರ ಕಾಲು ಮೇಲಾದದ್ದು ಬಿಟ್ಟು ಯಾರಿಗೂ ಇನ್ನೇನೂ ಕಾಣಲಿಲ್ಲ. ನಾನಂತೂ ಇಣುಕಲೇ ಇಲ್ಲ. ಕೈ ಕಾಯುವವನಿಗೆ ಕೈಯಷ್ಟೇ ಸಾಕು ಎಂಬ ಜಂಭ.

ಶ್ರೀಪತಿ ಮೊದಲ ಹಾಳೆ ತೆಗೆದ. ಆಮೇಲೆ ಎಡಗಡೆಯ ಕಿಟಕಿಗೆ ಹೋಗಿ, ತಾನೇ ಬಡಿದಿದ್ದ ಪರದೆಯನ್ನು ಒಂದು ಗೇಣು ಸರಿಸಿದ. ನೂಲಿನಷ್ಟು ಬೆಳಕು ನುಸುಳಿದರೆ ಊರು ಒಂದು ಮಾಡುವ ಮನುಷ್ಯ! ಬಿಸಿಲು ನೆಟ್ಟಗೆ ಬಂದು ಚಿತ್ರದ ಎಡಮೂಲೆಯ ಎಣ್ಣೆಯ ಮೇಲೆ ಕೂತಿತು.

"ಶ್ರೀಪತಿ, ಪರದಿ ಸರದೈತಿ."

"ಇರಲಿ."

"ಬೆಳಕು ಬರ್ತೈತಿ."

"ಬರಲಿ ರುದ್ರಪ್ಪಾ," ಎಂದು ಉಳಿದ ಮೂರು ಹಾಳೆಯನ್ನೂ ಹಾಗೇ ತೆಗೆದ. ನನ್ನ ಕಡೆ ತಿರುಗಲಿಲ್ಲ.

ಮರುದಿನ ಮಧ್ಯಾಹ್ನ ಪಾಪಾಚಿ ತಿಕಟಿ ಎಂಬ ಕೂಡುರಸ್ತೆಯ ಅವನ ಅಂಗಡಿಯಲ್ಲಿ ನನ್ನ ಕೈಗೆ ಮೂರು ಹಾಳೆ ಬಂದವು. ಬೆಳಕಿಗೆ ಹಿಡಿದೆ. ವಸ್ತಾದರು ನೆಟ್ಟಗೆ ನಿಂತಿದ್ದರು, ತೊಡೆಯ ನರ ನರವೂ ಕಾಣುತ್ತಿತ್ತು. ಆದರೆ ಮೂರರಲ್ಲೂ ಎಡಮೂಲೆಯಲ್ಲಿ ಬಿಳಿನೀಲಿ ಹೊಳಪು, ಅಂಗೈಯಗಲ.

"ನಾಕನೇದು?"

"ಕೆಟ್ಟತು."

"ಕೆಟ್ಟಿದ್ದೂ ತೋರಿಸಬೇಕಲಾ. ಹನ್ನೆರಡು ವರ್ಷ ತೋರಿಸೀಯಲ್ಲ."

"ಒಗದೀನಿ."

ಅವನು ನನ್ನ ಕಣ್ಣು ತಪ್ಪಿಸಿದ. ನನಗೆ ಒಳಗೊಳಗೇ ಹಬ್ಬ. ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದದ್ದನ್ನು ಕಡೆಗೂ ಹಿಡಿದೆ ಎನಿಸಿತು. ಕತೆ ನನಗೆ ಸ್ಪಷ್ಟವಾಗಿತ್ತು: ನಮಗೆ ಹೊಳಪು ಬಿದ್ದ ಮೂರು, ಯಾರಿಗೋ ಚೊಕ್ಕವಾದ ಒಂದು. ಅವರ ಕ್ಯಾಲೆಂಡರ್ ಮೊದಲು ಬರುತ್ತದೆ, ಚಂದವೂ ಬರುತ್ತದೆ. "ಆತು, ಮಾಲಕರಿಗೆ ಹೇಳ್ತೀನಿ," ಎಂದು ಹೊರಬಿದ್ದು ಎದುರಿನ ಮಿಸಳ್ ಅಂಗಡಿಯಲ್ಲಿ ಕಟ್ಟಿಗೆ ಕಂಬದ ಮರೆಯಲ್ಲಿ ಕೂತೆ.

ಅರ್ಧ ಗಂಟೆಯಲ್ಲೇ ಅವನು ಅಂಗಡಿ ಮುಚ್ಚಿದ. ಹಗಲು ಮೂರು ಗಂಟೆಗೆ! ಅಂಗಿಯೊಳಗೆ ಏನೋ ಚಪ್ಪಟೆಯಾದದ್ದು ಇಟ್ಟುಕೊಂಡು, ಮೇಲಿಂದ ಕೈಯಾಡಿಸಿ ನೋಡಿಕೊಂಡು ಹೊರಟ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನು ಹಿಂದೆ. ಎಸ್.ಟಿ. ಬಸ್ ಸ್ಟ್ಯಾಂಡಿಗೆ ಹೋಗುತ್ತಾನೆ, ಅಲ್ಲಿ ಯಾವನೋ ಏಜೆಂಟ್ ಕಾದಿರುತ್ತಾನೆ ಎಂದು ನನ್ನ ಅಂದಾಜು. ದಾರಿಯಲ್ಲಿ ಅವನು ಪೇಢೆ ಕಟ್ಟಿಸಿಕೊಂಡ. ಸೌದಾ ಕುದುರಿದ ಖುಷಿ ಎಂದುಕೊಂಡೆ. ಆದರೆ ಅವನು ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ಮಂಗಳವಾರ ಪೇಟೆಯ ಸಂದಿಯಲ್ಲಿ ತನ್ನ ಮನೆಯ ಬಾಗಿಲಲ್ಲೇ ಬಗ್ಗಿ ಒಳಗೆ ಹೋದ. ಏಜೆಂಟ್ ಮನೆಗೇ ಬಂದಿದ್ದಾನೆಂದು ನಾನು ಬಾಗಿಲ ಪಕ್ಕ ಗೋಡೆಗೆ ಒತ್ತಿ ನಿಂತೆ.

ಒಳಗೆ ಅವನ ತಾಯಿ ಹೌಸಾಬಾಯಿ ಒಬ್ಬಳೇ ಇದ್ದಳು. ಎಪ್ಪತ್ತು ದಾಟಿದವಳು, ಕಾಲು ಚಾಚಿಕೊಂಡು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು.

"ಏನೋ ಶಿರಪಾ, ಇಷ್ಟು ಲಗೂನ? ಹೆಂಡ್ತಿ ತವರಿಗೆ ಹೋಗ್ಯಾಳಂತ ಅಂಗಡಿಗೂ ಸೂಟಿ ಕೊಟ್ಟೇನು?"

"ಆಯೀ, ಇದನ್ನ ನೋಡು. ಕನ್ನಡಕಾ ಹಾಕ್ಕೋ." ಅವನು ಅಂಗಿಯೊಳಗಿಂದ ಹಾಳೆ ತೆಗೆದು ಬಾಗಿಲ ಬೆಳಕಿಗೆ ಹಿಡಿದ.

"ಗುಂಡೂ ವಸ್ತಾದ. ಈ ಸತ್ತ ಪೈಲವಾನನ್ನ ನೋಡಿ ನನಗೇನ ಆಗಬೇಕೈತಿ?"

"ಮೋರಿ ಅಲ್ಲ. ಕೆಳಗ ನೋಡು, ಎಡಕ್ಕ. ಈ ಭಿಂಗ ಹಿಡಿ," ಎಂದು ದೊಡ್ಡದು ಮಾಡಿ ತೋರಿಸುವ ಗಾಜನ್ನು ಅವಳ ಕೈಗೆ ಕೊಟ್ಟ.

ಅವಳು ನೋಡಿದಳು. ನಾನೂ ಕತ್ತು ಚಾಚಿದೆ, ದೂರದಿಂದ ಏ‌ನೂ ತಿಳಿಯಲಿಲ್ಲ. ಅವಳು ಭಿಂಗವನ್ನು ಹಾಳೆಗೆ ಇನ್ನೂ ಹತ್ತಿರ ತಂದಳು.

"ದಾರಾ ಹಸರೈತಿ," ಎಂದಳು.

"ಹೂಂ."

"ಬಲಗಾಲಿಂದು. ಹೆಬ್ಬೆರಳಿನ ಪಟ್ಟಿ ಕಿತ್ತಿತ್ತು. ಮೋಚಿಗೆ ಕೊಡಾಕ ಅವನ ಹಂತ್ಯಾಕ ರೊಕ್ಕಿರಲಿಲ್ಲ. ನನ್ನ ಸೀರಿ ಅಂಚಿನ ದಾರಾ ಎಳದು ನಾನ ಹೊಲದ್ನಿ. ಮೂರು ಹೊಲಿಗಿ ಹಾಕಿದ್ನಿ, ನಾಕನೇದಕ್ಕ ಸೂಜಿ ಮುರೀತು." ಅವಳ ಬೆರಳು ಹಾಳೆಯ ಮೇಲೆ ಆಡುತ್ತಿತ್ತು. "ಒಂದು, ಎರಡು, ಮೂರು. ಶಿರಪಾ, ಈ ದಾರದ ಮಾತು ಅಂವ ಯಾರಿಗೂ ಹೇಳಿರಲಿಲ್ಲೋ. ನಿನಗ ಹೇಳಿದ್ದನೇನು?"

"ಇಲ್ಲ ಆಯೀ."

"ನನಗೂ ಹೇಳಲಿಲ್ಲ. ಹೇಳಿದ್ರ ನಾ ನಂಬತಿದ್ನಲ್ಲೋ." ಅವಳಿಗೆ ಅಳು ಬಂತು. ಆ ವಯಸ್ಸಿನ ಹೆಂಗಸರು ಸತ್ತವರ ಮನೆಯಲ್ಲಿ ರಾಗ ತೆಗೆದು ಅಳುವುದನ್ನು ಬಹಳ ಕೇಳಿದ್ದೇನೆ. ಇದು ಅದಲ್ಲ, ಮಕ್ಕಳ ಅಳು. "ಸಾಯೂತನಕಾ ಬೈದ್ನಿ. ಗಂಗಾಳಕ್ಕ ಭಾಕರಿ ಹಾಕಿ, ಉಣ್ಣೋ ಸುಳ್ಳಬುರುಕಾ ಅಂದ್ನಿ. ಸುಮ್ಮನ ಉಂಡ ಹೋಗತಿದ್ದ."

ನನ್ನ ಕಾಲ ಕೆಳಗೆ ಕಲ್ಲು ಸರಿದು ಸದ್ದಾಯಿತು. "ಯಾರದು ಬಾಗಿಲಾಗ?" ಎಂದಳು. ಕದ್ದು ನಿಂತವನಿಗೆ ಅದಕ್ಕಿಂತ ನಾಚಿಕೆ ಬೇಕೆ? ಒಳಗೆ ಹೋದೆ.

ಶ್ರೀಪತಿ ಬೆಚ್ಚಲಿಲ್ಲ. "ಬಾ ರುದ್ರಪ್ಪಾ. ನೀ ಬೆನ್ನು ಹತ್ತತೀ ಅಂತ ಗೊತ್ತಿತ್ತು. ಪೇಢೆ ತಗೋ." ಆಮೇಲೆ ಗಾಜನ್ನೂ ಕೊಟ್ಟ. ನೋಡಿದೆ. ಕೆಂಪು ಮಣ್ಣಿನ ಅಂಚಿಗೆ, ಗೋಡೆಯ ನೆರಳಿನೊಳಗೆ, ಒಂದರ ಪಕ್ಕ ಒಂದು ಸವೆದ ಚಪ್ಪಲಿ. ಒಂದರ ಪಟ್ಟಿಗೆ ಹಸಿರು ಹೊಲಿಗೆ. ಎಷ್ಟು ಸಲ ಒರೆಸಿದರೂ ಸಿಗದಂಥದ್ದು ತಾಲೀಮಿನವರ ಎರಡು ಬಾಟಲಿ ಎಣ್ಣೆಯಿಂದ ಸಿಕ್ಕಿತ್ತು. ಒಣಗಿ ಬೂದಿಯಾಗಿದ್ದ ಹಳೆಯ ಕಪ್ಪು ಬಣ್ಣ ಎಣ್ಣೆ ಕುಡಿದು ಬಿಚ್ಚಿಕೊಂಡಿತ್ತು. ಆ ಎಣ್ಣೆಯ ಹೊಳಪನ್ನು ಇವನು ಕೊಂದಾಗ ಅದರ ಕೆಳಗಿದ್ದದ್ದು ಕಂಡಿತ್ತು.

"ಮತ್ತ ಆ ಪರದಿ ಯಾಕ ಸರಿಸಿದಿ? ಕ್ಯಾಲೆಂಡರಿನಾಗ ಬಂದಿದ್ರ ಊರ ಮಂದಿ ಬಾಯಿ ಮುಚ್ಚತಿತ್ತಲ್ಲ."

"ಮುಚ್ಚತಿತ್ತು. ಮರುದಿನ ಜೋತಿರಾಮ ಚಾಕು ತಗೊಂಡು ಕೆರೀತಿದ್ದ. ವಸ್ತಾದರ ಕಾಲಹಂತ್ಯಾಕ ಯಾವನೋ ಆಳಿನ ಚಪ್ಪಲಿ, ಅದೂ ಮಣ್ಣಿನ ಮ್ಯಾಲ. ಬಿಡತಾರೇನು ಅವರು? ಅಪ್ಪನ ಮಾತು ಖರೇ ಮಾಡಾಕ ಹೋಗಿ ಅಪ್ಪನ ಚಪ್ಪಲಿನ ಕಳಕೊಳ್ಳಲೇನು?" ಅವನು ಹಾಳೆಯನ್ನು ನನ್ನ ಮುಂದೆ ಚಾಚಿದ. "ನಿನ್ನ ಲೆಕ್ಕದ ನಾಕನೇದು. ಬೇಕಂದ್ರ ಒಯ್ಯಿ."

ಮುದುಕಿ ನನ್ನ ಮೋರೆ ನೋಡಿದಳು. ನಾನು ಪೇಢೆ ಬಾಯಿಗೆ ಹಾಕಿಕೊಂಡೆ, ಹಾಳೆಯನ್ನು ಅವನ ಕಡೆಗೇ ಸರಿಸಿದೆ. ಹೊಸ್ತಿಲು ದಾಟುವಾಗ ಮಾತ್ರ ತಡೆಯಲಾಗದೆ ಕೇಳಿದೆ. "ಆ ಲಕ್ಷ್ಮಿ ಹಾಳಿ ನೀನ ಕೊಟ್ಟಿದ್ದೇನೋ?"

"ಇಲ್ಲ. ಆದ್ರ ನೀ ನಂಬೂದಿಲ್ಲ."

ಪೂರ್ತಿ ನಂಬಿಲ್ಲ, ಇವತ್ತಿಗೂ. ಹುಟ್ಟುಗುಣ ಸುಟ್ಟರೂ ಹೋಗದು.

ಮಾಲಕರು ಮೂರು ಹಾಳೆಗಳನ್ನೂ ಬೆಳಕಿನ ಮೇಜಿನ ಮೇಲಿಟ್ಟು ಹೌಹಾರಿದರು. "ಏನಿದು ಮೂಲಿಯಾಗ? ನಿಗವೇಕರನ ಕಣ್ಣು ಹೋದುವೇನು?"

"ಅವನ ತಪ್ಪಲ್ಲ ಮಾಲಕ್. ತಾಲೀಮಿನವರು ಎರಡು ಬಾಟ್ಲಿ ಎಣ್ಣಿ ತಿಕ್ಕಿದ್ರು. ಬ್ರಹ್ಮ ಬಂದ್ರೂ ಅಷ್ಟ ಬರೂದು."

"ಮತ್ತೊಮ್ಮೆ ತೆಗೀಲಿ."

"ಇನ್ನ ಒಳಗ ಬಿಡೂದಿಲ್ಲ. ವಸ್ತಾದರನ್ನ ತಲಿಕೆಳಗ ಮಾಡಿದ್ರಂತ ಸಿಟ್ಟಾಗ್ಯಾರ."

ಮಾಲಕರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. "ಹಾಳಿ ಎಷ್ಟು ಒಯ್ದಿದ್ದ?"

"ಮೂರು."

"ಎಣಿಸೀಯಲ್ಲ?"

"ಎಣಿಸೀನಿ."

ಅವರು ಮತ್ತೆ ಕೇಳಲಿಲ್ಲ. ಯಾರನ್ನೂ ನಂಬದವನ ಮಾತನ್ನು ಎಲ್ಲರೂ ನಂಬುತ್ತಾರೆ. ಹನ್ನೆರಡು ವರ್ಷದ ನನ್ನ ಗಳಿಕೆ ಅದೊಂದೇ ಇತ್ತು, ಅವತ್ತು ಖರ್ಚಾಯಿತು.

ಕ್ಯಾಲೆಂಡರ್ ಬಂತು. ಊರ ತುಂಬ ಗುಂಡೂ ವಸ್ತಾದರು, ಅವರ ಕಾಲ ಪಕ್ಕ ಬಿಳಿನೀಲಿ ಕಲೆ. ಶ್ರೀಪತಿಯ ಹೆಸರು ಅಲ್ಲಿಗೆ ಮುಗಿಯಿತು. ಪುಣೆಯವರು ಬೇರೆಯವರನ್ನು ಕರೆದರು, ನಮ್ಮ ಮಾಲಕರೂ ಅವನಿಗೆ ಸಣ್ಣಪುಟ್ಟ ಕೆಲಸವನ್ನಷ್ಟೇ ಕೊಟ್ಟರು. ನಮ್ಮ ಯಂತ್ರದ ಹುಡುಗರಿಗೂ ನಾಲಿಗೆ ಬಂತು: "ಶಿರಪಣ್ಣಾ, ಮೂಲಿಯಾಗಿನ ದೀಪಾ ಆರಿಸೂದು ಮರತ್ಯೇನು?" ಅಪ್ಪನಿಗೆ ಚಪ್ಪಲಿ, ಮಗನಿಗೆ ದೀಪ. ಮೊದಲಾಗಿದ್ದರೆ ಕ್ಯಾಮೆರಾದ ಕಾಲು ಎತ್ತಿಕೊಂಡು ಹೊಡೆಯಲು ಬರುತ್ತಿದ್ದ ಮನುಷ್ಯ ಈಗ ನಗುತ್ತಿದ್ದ. ಅವನು ಹಾಗೆ ನಗುವಾಗ ನನಗೆ ಎದ್ದು ನಿಂತು ಹೇಳಿಬಿಡಬೇಕೆನಿಸುತ್ತಿತ್ತು, ಜೋತಿರಾಮರ ಚಾಕಿನ ಮಾತು ನೆನಪಾಗಿ ಕೂರುತ್ತಿದ್ದೆ. ಚಿಂಚ ಗಲ್ಲಿಯ ಆ ತಾಲೀಮು ಬಿದ್ದು, ಚಿತ್ರ ಯಾರದೋ ಗೋದಾಮು ಸೇರಿ ಹಾಳಾಗಿ ಹೋದ ಮೇಲೆ ಈಗ ಬರೆಯುತ್ತಿದ್ದೇನೆ.

ನೂರನೇ ವರ್ಷದ ದಿನ ತಾಲೀಮಿನಲ್ಲಿ ಹೆಂಗಸರಿಗೂ ದರ್ಶನಕ್ಕೆ ಬಿಟ್ಟಿದ್ದರು. ಅಖಾಡದ ಕಟ್ಟೆಯವರೆಗೆ, ಅಷ್ಟೇ. ನಾನು ಪ್ರೆಸ್ಸಿನ ಪರವಾಗಿ ಹಾರ ತಂದಿದ್ದೆ. ಚಿತ್ರ ಮತ್ತೆ ಗೋಡೆ ಏರಿತ್ತು. ಎಣ್ಣೆಯ ಮೇಲೆ ಧೂಳು ಕೂತು ಮೊದಲಿಗಿಂತಲೂ ಕಪ್ಪಾಗಿತ್ತು. ಸಾಲಿನಲ್ಲಿ ಹೌಸಾಬಾಯಿ ಬಂದಳು. ಹಸಿರಂಚಿನ ಸೀರೆ ಉಟ್ಟಿದ್ದಳು. ಕಟ್ಟೆಯ ಹತ್ತಿರ ನಿಂತು, ಎಲ್ಲರೂ ಮೋರೆಯೆತ್ತಿ ನಮಸ್ಕರಿಸುವ ಕಡೆ ನೋಡದೆ, ಚಿತ್ರದ ಕೆಳಗಿನ ಎಡಮೂಲೆಗೆ ತಿರುಗಿ ಕೈಮುಗಿದಳು. ಬಗ್ಗಿದವಳು ಬೇಗ ಏಳಲಿಲ್ಲ.

ಹಿಂದಿನ ಸಾಲು ತಡವಾಯಿತು. ಒಬ್ಬ ಎಳೆ ಪೈಲವಾನ ಅವಳ ಭುಜ ಹಿಡಿದು ಮೆಲ್ಲಗೆ ತಿರುಗಿಸಲು ನೋಡಿದ. "ಆಜೀ, ಅಲ್ಲಿ ಏನೂ ಇಲ್ಲ. ವಸ್ತಾದರು ಮ್ಯಾಲ ಅದಾರ, ಮ್ಯಾಲ ನೋಡಿ ಮುಗೀರಿ."

"ಗೊತ್ತೈತಿ ಮಗಾ," ಎಂದಳು. "ನಾ ಯಾರಿಗೆ ಮುಗೀಬೇಕಿತ್ತೋ ಅವಗ ಮುಗದೀನಿ."

ಆಮೇಲೆ ಹೊರಗೆ ಬಂದು, ಬಾಗಿಲಲ್ಲಿ ರಾಶಿ ಬಿದ್ದ ನೂರಾರು ಜೋಡುಗಳಲ್ಲಿ ತನ್ನ ಚಪ್ಪಲಿ ಹುಡುಕತೊಡಗಿದಳು. ನಾನೂ ಬಗ್ಗಿ ಹುಡುಕಿದೆ.